ಮೊಳೆ ಉಗುಳಿ ಮಾತಾಡು

ಇಂಡಿ
೮-೮-೧೯೭೬

ತಮ್ಮ ಇಸಾಕನಿಗೆ ಅಕ್ಕ ಸಗೀರಾಳ ಸಲಾಮು.

ನಾವೆಲ್ಲ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ. ನನ್ನ ಜೊತೆ ಲಿಂಬೆಹಣ್ಣು ಆರಿಸುತ್ತಿದ್ದ ರಾಮವ್ವ ಸತ್ತಳು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಮುಳ್ಳು ತಾಗದಂತೆ ಹಣ್ಣು ಕೀಳುವುದನ್ನು ಕಲಿಸಿದವಳು ಅವಳೇ. ಕಳೆದ ಸಲ ನೀನು ಬಂದಾಗ ನಿನ್ನ ಚೀಲಕ್ಕೆ ಉಪ್ಪಿನಕಾಯಿಯ ಭರಣಿ ತುರುಕಿದ್ದಳಲ್ಲ, ಅವಳು.

ಹೇಗೆ ಸತ್ತಳು ಎಂಬುದನ್ನು ಬರೆಯುತ್ತೇನೆ, ಪೂರ್ತಿ ಓದು. ಮುಂಬೈಗೆ ಹೋಗುವ ಹಣ್ಣಿನ ಪೆಟ್ಟಿಗೆಯ ಹಲಗೆಯೊಂದು ಅಂಗಳದಲ್ಲಿ ಬಿದ್ದಿತ್ತು. ಅದರ ಮೊಳೆ ಅವಳ ಅಂಗಾಲಿಗೆ ಹೊಕ್ಕಿತು. ಕಿತ್ತು ಒಗೆದಳು. ರಕ್ತ ಬರಲಿಲ್ಲ. "ನೆತ್ತರ ಬಂದಿಲ್ಲ ಅಂದ್ರ ಏನೂ ಆಗಿಲ್ಲ ಬಿಡ" ಎಂದು ಸಗಣಿ ಮೆತ್ತಿ, ಬಟ್ಟೆ ಸುತ್ತಿಕೊಂಡು ಸಂಜೆಯ ತನಕ ಕೆಲಸ ಮಾಡಿದಳು. ಒಂದು ವಾರ ಕಳೆದ ಮೇಲೆ ರೊಟ್ಟಿ ಕಡಿಯಲು ಆಗಲಿಲ್ಲ. ಹಲ್ಲುನೋವು ಎಂದುಕೊಂಡು ಲವಂಗ ಇಟ್ಟುಕೊಂಡಳು. ಮಾರನೆಯ ದಿನ ದವಡೆ ಬಿಗಿದು ಬಾಯಿಯೇ ತೆರೆಯಲಿಲ್ಲ. ಆಮೇಲೆ ಬೆನ್ನು ಹಿಂದಕ್ಕೆ ಬಾಗತೊಡಗಿತು. ಯಾರಾದರೂ ಕೊಡ ಇಟ್ಟ ಸಪ್ಪಳಕ್ಕೂ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು ಇಸಾಕ. ಏನು ಆಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನ್ನನ್ನು ಬಿಡುತ್ತಿಲ್ಲ.

ದವಾಖಾನೆಯ ಕಂಪೌಂಡರ ನಮ್ಮನ್ನೆಲ್ಲ ಕೂರಿಸಿ ಬೈದ. ಮೊಳೆ ಚುಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕಂತೆ. ಸಗಣಿ, ಬೂದಿ, ಸುಣ್ಣ ಏನನ್ನೂ ಮೆತ್ತಬಾರದಂತೆ. ಆವತ್ತೇ ಬಂದು ಸೂಜಿ ಹಾಕಿಸಿಕೊಳ್ಳಬೇಕಂತೆ. ರಕ್ತ ಬಾರದ ಆಳದ ಗಾಯವೇ ಕೆಟ್ಟದ್ದು ಎಂದ. ಧನುರ್ವಾಯು ಎಂದು ಅದರ ಹೆಸರು. ನಾನು ಅದನ್ನು ಕಬ್ಬಿಣದ ನಂಜು ಎಂದು ತಿಳಿದುಕೊಂಡಿದ್ದೇನೆ.

ಅಲ್ಲಿಂದ ಬರುವಾಗ ನನ್ನ ಕಣ್ಣ ಮುಂದೆ ನೀನೇ ಬಂದೆ. ದಿನವಿಡೀ ಎತ್ತಿನ ಗೊರಸಿಗೆ ನಾಲ ಬಡಿಯುವವನು ನೀನು. ಕೈಯಲ್ಲಿ ಮೊಳೆ, ಮೊಣಕಾಲಿನ ಕೆಳಗೆ ಮೊಳೆ, ಸಾಲದ್ದಕ್ಕೆ ಬಾಯಿಯ ತುಂಬ ಮೊಳೆ. ನಾಳೆಯೇ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊ. ಬಾಯಲ್ಲಿ ಮೊಳೆ ಹಿಡಿಯುವುದನ್ನು ಬಿಡು. ಬರಿಗಾಲಲ್ಲಿ ಕೂರಬೇಡ. ಇಷ್ಟು ಮಾಡಿದೆನೆಂದು ನೀನು ಬರೆಯುವ ತನಕ ನನಗೆ ನಿದ್ದೆಯಿಲ್ಲ.

ನಿನ್ನ ಅಕ್ಕ
ಸಗೀರಾ


ಮುದ್ದೇಬಿಹಾಳ
೨೦-೮-೧೯೭೬

ಅಕ್ಕನಿಗೆ ಇಸಾಕನ ಸಲಾಮು. ಬಾನುಬಿಯೂ ಸಲಾಮು ಹೇಳಿದ್ದಾಳೆ. ದಾವಲಬಿ ಈಗ ನಡೆಯುತ್ತಾಳೆ, ಬೀಳುತ್ತಾಳೆ, ಬಿದ್ದದ್ದಕ್ಕೆ ಅಪ್ಪನಾದ ನನ್ನನ್ನೇ ಹೊಡೆಯುತ್ತಾಳೆ.

ರಾಮವ್ವನ ಸುದ್ದಿ ಓದಿ ಬಾನುಬಿ ಅತ್ತಳು. ಆ ಭರಣಿ ಇನ್ನೂ ನಮ್ಮ ಮಾಡದಲ್ಲಿದೆ. ಆದರೆ ಅಕ್ಕಾ, ನೀನು ಹೇಳಿದಂತೆ ನಡೆದರೆ ನನ್ನ ಉದ್ಯೋಗ ನಿಂತೇ ಹೋಗುತ್ತದೆ. ನೀನೂ ನಾಲಬಂದನ ಮಗಳೇ, ನಿನಗೆ ನಾನು ಹೇಳಿಕೊಡಬೇಕೇ? ಎತ್ತನ್ನು ಕೆಡವಿ ನಾಲ್ಕೂ ಕಾಲು ಕಟ್ಟಿದ ಮೇಲೆ ಒಂದು ಕೈ ಗೊರಸಿನ ಮೇಲೆ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ದೇವರು ಮೂರನೆಯ ಕೈ ಕೊಡಲಿಲ್ಲ, ಬಾಯಿ ಕೊಟ್ಟ. ಉಗುಳು ಹತ್ತಿದ ಮೊಳೆ ಗೊರಸಿನಲ್ಲಿ ಸಲೀಸಾಗಿ ಇಳಿಯುತ್ತದೆ ಎಂದು ಅಪ್ಪನೂ ಹೇಳುತ್ತಿದ್ದನಂತೆ. ಎತ್ತಿನವರ ಜೊತೆ ನನ್ನ ಮಾತೆಲ್ಲ ಹಲ್ಲು ಕಚ್ಚಿಕೊಂಡೇ. ಬಾನುಬಿಗೆ ಅದೇ ತಕರಾರು. ನಾನು ಮನೆಯಲ್ಲೂ ಹಲ್ಲು ಬಿಡದೆ ಮಾತಾಡುವುದರಿಂದ ಬಾಯಲ್ಲಿ ಮೊಳೆ ಇದೆಯೋ ಹೊಟ್ಟೆಯಲ್ಲಿ ಸಿಟ್ಟಿದೆಯೋ ಅವಳಿಗೆ ತಿಳಿಯುವುದಿಲ್ಲವಂತೆ.

ಇನ್ನು ಸೂಜಿಯ ಮಾತು. ಅದನ್ನು ಈ ವರ್ಷ ಎತ್ತಬೇಡ. ಈಗ ದವಾಖಾನೆಯ ಹೆಸರು ಕೇಳಿದರೆ ಗಂಡಸರು ಊರು ಬಿಡುತ್ತಾರೆ. ಹೋದ ವಾರ ತಂಗಡಗಿಯಲ್ಲಿ ಒಂದು ಎತ್ತು ಕೆಡವಿ ನಾಲ ಬಡಿಯುತ್ತಿದ್ದೆ. "ಆಪರೇಶನ್ ಜೀಪ ಬಂತ್ರಪೋ" ಎಂದು ಯಾರೋ ಕೂಗಿದ. ಎತ್ತಿನ ಯಜಮಾನ ಓಡಿದ, ಕಾಲು ಹಿಡಿದವರು ಓಡಿದರು, ನಾನೂ ಬಾಯಲ್ಲಿ ಮೊಳೆ ಇಟ್ಟುಕೊಂಡೇ ಓಡಿ ಸಜ್ಜೆಯ ಹೊಲದಲ್ಲಿ ಅಡಗಿದೆ. ಎತ್ತು ಮಾತ್ರ ಕಾಲು ಕಟ್ಟಿಸಿಕೊಂಡು ಅಲ್ಲೇ ಬಿದ್ದಿತ್ತು. ಜೀಪಿನಿಂದ ಇಳಿದವನು ಬೆಳೆ ನೋಡಲು ಬಂದ ಸಾಹೇಬ. ಖಾಲಿ ಊರು ನೋಡಿ, ಎತ್ತಿಗೊಂದು ಸುತ್ತು ಹಾಕಿ, ಹೊರಟುಹೋದ.

ನಗು ಬಂದರೆ ನಗು. ನನಗೆ ಮಾತ್ರ ಅವತ್ತು ಎದೆ ಬಡಿದುಕೊಂಡದ್ದು ಇನ್ನೂ ನಿಂತಿಲ್ಲ. ಜ್ವರಕ್ಕೆ ಔಷಧ ಕೇಳಲು ಹೋದವನನ್ನು ಹಿಡಿದು ಮಲಗಿಸಿ ಮಕ್ಕಳಾಗದಂತೆ ಕೊಯ್ದರಂತೆ ಎಂದು ಬಜಾರಿನಲ್ಲಿ ಹೇಳುತ್ತಾರೆ. ಯಾವ ಊರಿನವನು, ಏನು ಹೆಸರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೂ ಅಂಜಿಕೆ ಹೋಗುವುದಿಲ್ಲ. ನನಗಿರುವುದು ಒಂದೇ ಮಗು. ತೋಳಿಗೆ ಸೂಜಿ ಎಂದು ಕರೆದು ಏನು ಮಾಡಿ ಕಳಿಸುತ್ತಾರೋ ಯಾರು ಬಲ್ಲರು? ನೀನು ನಿಶ್ಚಿಂತೆಯಿಂದ ನಿದ್ದೆ ಮಾಡು.

ನಿನ್ನ ತಮ್ಮ
ಇಸಾಕ


ಇಂಡಿ
೫-೯-೧೯೭೬

ಇಸಾಕ,

ಸಲಾಮು ಗಿಲಾಮು ಆಮೇಲೆ. ಸಜ್ಜೆಯ ಹೊಲದ ಕಥೆ ಓದಿ ನಿನ್ನ ಭಾವ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಅಪ್ಪ ಹೇಗೆ ಸತ್ತ ಎಂದು ನಿನಗೆ ಯಾರೂ ಹೇಳಿಲ್ಲ. ಗಾಳಿ ಸೋಕಿ ಸತ್ತ ಎಂದಷ್ಟೇ ನೀನು ಕೇಳಿರುವುದು. ಆಗ ನೀನು ಅವ್ವನ ತೊಡೆಯ ಮೇಲಿದ್ದೆ. ನಾನು ಎಲ್ಲವನ್ನೂ ನೋಡುವಷ್ಟು ದೊಡ್ಡವಳಿದ್ದೆ. ಅವ್ವ ಬದುಕಿರುವ ತನಕ ಆ ಮಾತು ಎತ್ತಬೇಡ ಎಂದಿದ್ದಳು, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳುತ್ತೇನೆ.

ಆಗ ನಾವು ಬಸವನ ಬಾಗೇವಾಡಿಯಲ್ಲಿ ಇದ್ದೆವು. ಅಪ್ಪ ಗುಡುಸಾಬ ಎಂದರೆ ಸುತ್ತ ಹತ್ತು ಹಳ್ಳಿಯವರು ಎತ್ತು ಹೊಡೆದುಕೊಂಡು ಬರುತ್ತಿದ್ದರು. ಒಂದು ದಿನ ಅವನ ಅಂಗೈಗೆ ಮೊಳೆ ಹೊಕ್ಕಿತ್ತು. ಅಂಥದ್ದು ಎಷ್ಟೋ ಸಲ ಆಗಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದಾಗಿ ಸ್ವಲ್ಪ ದಿನದ ಮೇಲೆ ಸಂಜೆ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತ. ಅವ್ವ ಏನೋ ಕೇಳಿದಳು. ಅವನು ಹಲ್ಲು ಕಚ್ಚಿಕೊಂಡು ಏನೋ ಅಂದ. ಅವ್ವ ರೊಟ್ಟಿ ಬಡಿಯುತ್ತಲೇ, "ಮೊಳಿ ಉಗುಳಿ ಮಾತಾಡ್ರಿ, ತಿಳಿಯಂಗಿಲ್ಲ" ಎಂದಳು. ಅಪ್ಪ ಮತ್ತೆ ಹಾಗೆಯೇ ಅಂದ. ಅವ್ವನಿಗೆ ಸಿಟ್ಟು ಬಂತು, "ಮನಿಗಿ ಬಂದ್ ಮ್ಯಾಲೂ ಬಾಯಾಗ ಅದನ್ಯಾಕ ಇಟಗೊಂಡೀರಿ" ಎಂದು ತಿರುಗಿ ನೋಡಿದಳು. ಅಪ್ಪ ಮೊಳೆಯ ಡಬ್ಬಿಯನ್ನು ಎತ್ತಿ ತೋರಿಸಿದ. ಎಲ್ಲ ಮೊಳೆಗಳೂ ಡಬ್ಬಿಯಲ್ಲಿದ್ದವು.

ಅವ್ವ ಆಮೇಲೆ ಸಾಯುವ ತನಕ ರೊಟ್ಟಿ ಬಡಿಯುವಾಗ ಯಾರ ಜೊತೆಗೂ ಮಾತಾಡಲಿಲ್ಲ. ನೀನು ನೋಡಿದ್ದೀಯ. ಯಾಕೆ ಎಂದು ನಿನಗೆ ಗೊತ್ತಿರಲಿಲ್ಲ, ಅಷ್ಟೇ.

ರಾಮವ್ವ ಹಲ್ಲು ಕಚ್ಚಿಕೊಂಡು ನನ್ನ ಹೆಸರು ಹೇಳಲು ನೋಡಿದಾಗ ನನಗೆ ಅಪ್ಪನ ದನಿಯೇ ಕೇಳಿಸಿತು. ಬೇರೆಯವರಿಗೆ ಈ ಬೇನೆ ಬಂದರೆ ಮನೆಯವರಿಗೆ ಬೇಗ ಗೊತ್ತಾಗುತ್ತದೆ. ನಾಲಬಂದನಿಗೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅವನ ಮಾತೇ ಹಾಗೆ. ನನಗೆ ಅದೇ ದೊಡ್ಡ ಅಂಜಿಕೆ. ಆದ್ದರಿಂದ ಬಾನುಬಿಗೆ ಈ ಕಾಗದ ಓದಿ ಹೇಳು, ಒಂದಕ್ಷರ ಬಿಡಬೇಡ. ಬಾನೂ, ಇವನು ಮನೆಗೆ ಬಂದ ಕೂಡಲೇ ನೀರು ಕೊಡುವ ಮೊದಲು ಬಾಯಿ ತೆರೆಸಿ "ಆ" ಅನ್ನಿಸು. ಗಂಟಲು ಕಾಣುವಷ್ಟು ತೆರೆಯಬೇಕು. ನಾಚಿಕೆಪಟ್ಟರೆ ದಾವಲಬಿಯ ಹೆಸರನ್ನು ದೊಡ್ಡದಾಗಿ ಕೂಗಿಸು. ಒಂದು ದಿನವೂ ತಪ್ಪಿಸಬೇಡ.

ಸೂಜಿ ತೋಳಿಗೆ ಹಾಕುತ್ತಾರೆ, ಮತ್ತೇನೂ ಮಾಡುವುದಿಲ್ಲ. ನಾನು ಕಂಪೌಂಡರನನ್ನು ಕೇಳಿಯೇ ಬರೆಯುತ್ತಿದ್ದೇನೆ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ ತಮ್ಮಾ, ಹೋಗು.

ಸಗೀರಾ


ಮುದ್ದೇಬಿಹಾಳ
೧೬-೯-೧೯೭೬

ಅಕ್ಕಾ,

ನಿನ್ನ ಕಾಗದ ಬಂದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಬಾನುಬಿಗೆ ಓದಿ ಹೇಳುತ್ತ ಡಬ್ಬಿಯ ಮಾತು ಬಂದಾಗ ನನ್ನ ದನಿ ಹೊರಡಲಿಲ್ಲ. ಅವಳು ಗಾಬರಿಯಾಗಿ ನನ್ನ ದವಡೆ ಹಿಡಿದು ಅಲುಗಾಡಿಸಿದಳು.

ಈಗ ದಿನಾ ಸಂಜೆ ನಮ್ಮ ಮನೆಯಲ್ಲಿ ನನ್ನ ಬಾಯಿಯ ತಪಾಸಣೆ. ನಾನು ಆ ಅಂದರೆ ದಾವಲಬಿಯೂ ಬಂದು ನನ್ನ ಮುಂದೆ ನಿಂತು ಆ ಅನ್ನುತ್ತಾಳೆ. ಬಾನುಬಿ ನಾಲಿಗೆ, ಗಂಟಲು ಎಲ್ಲ ನೋಡಿದ ಮೇಲೆಯೇ ಒಳಗೆ ಬಿಡುತ್ತಾಳೆ. ರಂಜಾನಿನ ರೋಜೆ ಹಿಡಿದಿರುವುದರಿಂದ ಬಾಯಿಗೆ ಮೊಳೆಯನ್ನೂ ಹಾಕುತ್ತಿಲ್ಲ. ಒಂದು ಮಾತು ನಡೆಸಿಕೊಟ್ಟಂತಾಯಿತಲ್ಲ. ಸೂಜಿ ಹಾಕಿಸಿಕೊಂಡರೆ ರೋಜೆ ಮುರಿಯುತ್ತದೆ ಎಂದು ಒಬ್ಬರು ಹೇಳಿದರು, ಮುರಿಯುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ನಾನು ಮೊದಲನೆಯವರ ಮಾತು ಹಿಡಿದುಕೊಂಡೆ. ಹಬ್ಬ ಮುಗಿಯಲಿ.

ಇಷ್ಟಕ್ಕೆ ಮುಗಿಸಬೇಕೆಂದಿದ್ದೆ. ಬಾನುಬಿ ಎದುರಿಗೆ ಕೂತಿದ್ದಾಳೆ, ಬರೆಯದೆ ಬಿಡುವುದಿಲ್ಲ ಎನ್ನುತ್ತಾಳೆ. ಬರೆಯುತ್ತೇನೆ.

ಮೊನ್ನೆ ಇಂಗಳೇಶ್ವರದ ಕಡೆಯ ಒಂದು ಹೋರಿ ಬಂದಿತ್ತು. ಹೊಸದು, ನಾಲ ಕಂಡದ್ದಿಲ್ಲ. ಹಗ್ಗ ಸಡಿಲಾಗಿ ಕಾಲು ಝಾಡಿಸಿತು. ಅರ್ಧ ಇಳಿದ ಮೊಳೆ ನನ್ನ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಬಾಯಲ್ಲಿ ಹಿಡಿಯದೆ ನೆಲದ ಮೇಲೆ ಇಟ್ಟ ಮೊಳೆ, ಸಗಣಿಯಲ್ಲಿ ಹೊರಳಿದ ಮೊಳೆ. ಕಿತ್ತೆ. ಎರಡು ಕಡೆಯಿಂದ ಹಿಸುಕಿದೆ. ರಕ್ತ ಬರಲಿಲ್ಲ ಅಕ್ಕಾ.

ಸಾಬೂನು ಹಚ್ಚಿ ತೊಳೆದೆ. ಬಾವಿಯ ಹತ್ತಿರ ಕೂತು ಚರ್ಮ ಸುಲಿಯುವ ತನಕ ತೊಳೆದೆ. ಏನನ್ನೂ ಮೆತ್ತಲಿಲ್ಲ. ಆದರೆ ದವಾಖಾನೆಗೆ ಕಾಲು ಏಳಲಿಲ್ಲ. ಈಗ ಹಜಾಮನ ಅಂಗಡಿಯ ಮುಂದೆ ಹೋಗುವಾಗೆಲ್ಲ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಳ್ಳುತ್ತೇನೆ. ಜನ ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿದ್ದಾರೆ. ಆಕಳಿಕೆ ಬಂದರೆ ಸಂತೋಷವಾಗುತ್ತದೆ, ಬಾಯಿ ಪೂರ್ತಿ ತೆರೆಯಿತಲ್ಲ ಎಂದು. ನನಗೆ ಭಯವಾಗಿದೆ.

ಇಸಾಕ


ಇಂಡಿ
೨೨-೯-೧೯೭೬

ಹುಚ್ಚಪ್ಪಾ,

ಈ ಕಾಗದ ಕೈಗೆ ಬಂದ ಗಳಿಗೆಯಲ್ಲೇ ಹೋಗು. ಉಂಡು ಹೋಗುತ್ತೇನೆ ಎನ್ನಬೇಡ, ಹಬ್ಬ ಎನ್ನಬೇಡ. ಬಾನುಬಿಯನ್ನು ಜೊತೆಗೆ ಕರೆದುಕೊಂಡು ಹೋಗು, ಅವಳು ಬಾಗಿಲಲ್ಲಿ ನಿಲ್ಲಲಿ. ಹೆಂಡತಿ ಕಾಯುತ್ತ ನಿಂತವನನ್ನು ಯಾರೂ ಕದ್ದು ಒಯ್ಯುವುದಿಲ್ಲ.

ನಾನೇ ಬಂದು ನಿನ್ನ ಕಿವಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಬಸ್ಸಿಗೆ ನಡೆಯಲು ಆಗುತ್ತಿಲ್ಲ. ಹೋದ ವಾರ ಬನದಲ್ಲಿ ಹಣ್ಣು ಕೀಳುವಾಗ ಲಿಂಬೆಯ ಮುಳ್ಳು ಹಿಮ್ಮಡಿಗೆ ಹೊಕ್ಕು ತುದಿ ಒಳಗೇ ಮುರಿಯಿತು. ಕುಂಟುತ್ತಿದ್ದೇನೆ. ನಾನು ನಿನಗೆ ಹೇಳಿದ್ದನ್ನೇ ತಿರುಗಿ ನನಗೆ ಹೇಳಬೇಡ, ಇದು ಕಬ್ಬಿಣ ಅಲ್ಲ, ಮುಳ್ಳು. ಅದೂ ಲಿಂಬೆಯ ಮುಳ್ಳು. ನಮ್ಮಲ್ಲಿ ಹಣ್ಣು ಕೀಳುವ ಹೆಂಗಸರ ಮೈಯಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ಲಿಂಬೆ ನಂಜನ್ನು ಕೊಲ್ಲುತ್ತದೆ, ತಾಮ್ರದ ಕೊಡದ ಕಿಲುಬನ್ನೇ ಬಿಡಿಸುತ್ತದೆ, ಅದರ ಮುಳ್ಳಿನಲ್ಲಿ ಎಲ್ಲಿಯ ನಂಜು? ಮೇಲೆ ಒಂದು ಹಣ್ಣು ಹಿಂಡಿ, ಅತ್ತೆ ಲಾಲಬಿ ಕೊಟ್ಟ ಸುಣ್ಣ ಬೆಲ್ಲ ಹಚ್ಚಿ ಕಟ್ಟಿಕೊಂಡಿದ್ದೇನೆ. ಬನಕ್ಕೆ ಗೊಬ್ಬರ ಹಾಕಿ ಕೆಸರೆಬ್ಬಿಸಿದ್ದಾರೆ, ಬಟ್ಟೆ ದಿನಾ ಹೊಲಸಾಗುತ್ತದೆ, ಅದೊಂದೇ ಕಾಟ.

ನನ್ನ ಮಾತು ಬಿಡು. ನಿನ್ನ ಹೆಬ್ಬೆರಳು ನೋಡಿಕೊ. ದಿನಾ ಒಂದು ಕಾರ್ಡು ಬರೆ. ಬರೀ "ಆ" ಎಂದು ಬರೆದರೂ ಸಾಕು.

ಸಗೀರಾ


ಮುದ್ದೇಬಿಹಾಳ
೩೦-೯-೧೯೭೬

ಅಕ್ಕನಿಗೂ ಭಾವನಿಗೂ ಹಬ್ಬದ ಸಲಾಮು.

ನಿನ್ನ ತಮ್ಮ ಬದುಕಿದ್ದಾನೆ. ಹಬ್ಬದ ದಿನ ಮಾಂಸದ ಎಲುಬು ಕಡಿದೆ, ನಮ್ಮ ನೆರೆಮನೆಯ ಕಾಶಿಬಾಯಿ ಟೀಚರು ಕಳಿಸಿದ ಹೋಳಿಗೆಯನ್ನೂ ಬಿಡಲಿಲ್ಲ. ದವಡೆ ಎತ್ತಿನ ದವಡೆಯಂತೆ ಆಡುತ್ತಿದೆ. ಹೆಬ್ಬೆರಳಿನ ಗಾಯ ಒಣಗಿ ಹೊಟ್ಟು ಉದುರಿದೆ.

ನಿಜ ಹೇಳಿಬಿಡುತ್ತೇನೆ, ಸೂಜಿ ಆಗಲಿಲ್ಲ. ಬಾನುಬಿಯನ್ನು ಕರೆದುಕೊಂಡು ದವಾಖಾನೆಯ ಗೇಟಿನ ತನಕ ಹೋದೆ. ಅಲ್ಲಿ ಜೀಪು ನಿಂತಿತ್ತು. ಬಾನುಬಿ ನನ್ನ ಅಂಗಿ ಹಿಡಿದು ಜಗ್ಗಿದಳು. ಒಳಗೆ ಜಗ್ಗಿದಳೋ ಹೊರಗೆ ಜಗ್ಗಿದಳೋ ಇವತ್ತಿಗೂ ನಮ್ಮಿಬ್ಬರಲ್ಲಿ ಜಗಳ ಇದೆ. ಅಂತೂ ಮನೆಗೆ ಬಂದೆವು. ಬೈಯುವುದಿದ್ದರೆ ಬೈ, ಆದರೆ ಅಂಜಬೇಡ. ಬರುವುದಿದ್ದರೆ ಇಷ್ಟೊತ್ತಿಗೆ ಬರುತ್ತಿತ್ತು.

ನಿನ್ನ ಹಿಮ್ಮಡಿ ಹೇಗಿದೆ? ಮುಳ್ಳಿನ ತುದಿ ಹೊರಗೆ ಬಂತೇ? ಹಬ್ಬಕ್ಕೆ ನೀನು ಬಂದಿದ್ದರೆ ದಾವಲಬಿ ನಿನ್ನ ಬಾಯಿಯನ್ನೂ ನೋಡುತ್ತಿದ್ದಳು. ಈಗ ಅವಳಿಗೆ ಅದೇ ಆಟ, ಮನೆಗೆ ಯಾರು ಬಂದರೂ ಆ ಅನ್ನಿಸುತ್ತಾಳೆ.

ನಿನ್ನ ತಮ್ಮ
ಇಸಾಕ


ಇಂಡಿ
೪-೧೦-೧೯೭೬

ತಮ್ಮ ಇಸಾಕನಿಗೆ ಸಲಾಮು.

ನಿನ್ನ ಕಾಗದ ಬಂತು. ಎಲುಬು ಕಡಿದೆ ಎಂದು ಓದಿ ದೇವರಿಗೆ ಕೈ ಎತ್ತಿದೆ. ಬೈಯುವಷ್ಟು ಶಕ್ತಿ ಇವತ್ತು ಇಲ್ಲ, ಇನ್ನೊಮ್ಮೆ ಬೈಯುತ್ತೇನೆ.

ನಾನು ಚೆನ್ನಾಗಿದ್ದೇನೆ. ಉಪ್ಪಿನಕಾಯಿಗೆ ಹಣ್ಣು ಹೆಚ್ಚುವ ಕೆಲಸ ನಡೆದಿದೆ, ಹುಳಿಗೆ ಹಲ್ಲು ಚಳಿತು ನಿನ್ನೆಯಿಂದ ರೊಟ್ಟಿ ಕಡಿಯಲು ಬರುತ್ತಿಲ್ಲ. ಅಂಬಲಿ ಕುಡಿದುಕೊಂಡಿದ್ದೇನೆ. ಹುಳಿ ಅಂದರೆ ಅಷ್ಟು ಹುಳಿ, ದವಡೆಯೆಲ್ಲ ಬಿಗಿದ ಹಾಗೆ. ಬುಟ್ಟಿ ಹೊತ್ತು ಕತ್ತೂ ಹಿಡಿದುಕೊಂಡಿದೆ. ಅತ್ತೆ ಎಣ್ಣೆ ತಿಕ್ಕಿದರು.

ಅತ್ತೆಗೆ ಇವತ್ತು ನನ್ನ ಮೇಲೆ ಸಿಟ್ಟು. ಅವರು ಏನೋ ಹೇಳುತ್ತಿದ್ದಾಗ "ಯಾಕ ಸಗೀರಾ, ಹಲ್ಲ ಕಿಸಿತೀ?" ಎಂದರು. ನಾನು ನಗುತ್ತಿರಲಿಲ್ಲ. ನಗುತ್ತಿಲ್ಲರೀ ಎಂದೆ. ಮತ್ತೆ ಅದೇ ನಗು ಎಂದರು. ಕನ್ನಡಿ ನೋಡಿಕೊಂಡೆ, ತುಟಿ ತಾನಾಗಿಯೇ ಎರಡು ಕಡೆ ಎಳೆದುಕೊಂಡಿತ್ತು.

ಒಂದು ಗಳಿಗೆ ರಾಮವ್ವ ನೆನಪಾದಳು. ಆದರೆ ನನಗೆ ಚುಚ್ಚಿದ್ದು ಮುಳ್ಳು. ಕಬ್ಬಿಣ ಅಲ್ಲ. ಲಿಂಬೆಯ ಮುಳ್ಳು. ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿನ್ನ ಭಾವ ಹಣ್ಣಿನ ಗಾಡಿ ಹೊಡೆದುಕೊಂಡು ಸ್ಟೇಷನ್ನಿಗೆ ಹೋಗಿದ್ದಾರೆ, ಎರಡು ದಿನಕ್ಕೆ ಬರುತ್ತಾರೆ. ಬಂದ ಮೇಲೆ ಹೇಳಿದರಾಯಿತು.

ಈಗ ಬಾಗಿಲು ಬಡಿದುಕೊಂಡಿತು, ಬೆಚ್ಚಿ ಪೆನ್ನು ಕೈಯಿಂದ ಜಾರಿತು. ಅದಕ್ಕೆ ಈ ಗೀಟು. ದಾವಲಬಿಗೆ ಮುದ್ದು.

ಸಗೀರಾ


ವಿಜಾಪುರ
೧೦-೧೦-೧೯೭೬

ಬಾನೂಗೆ ಇಸಾಕನ ಸಲಾಮು. ಈ ಕಾಗದವನ್ನು ನಿನಗೆ ಓದಿ ಹೇಳುವ ಕಾಶಿಬಾಯಿ ಟೀಚರಿಗೆ ನಮಸ್ಕಾರ. ಟೀಚರೇ, ಮೆಲ್ಲಗೆ ಓದಿರಿ, ಅವಳು ಹೆದರುತ್ತಾಳೆ.

ಹೇಳದೆ ಹೊರಟುಹೋದೆ ಎಂದು ಗಾಬರಿಯಾಗಿರಬೇಕು. ಎತ್ತಿನವನು ಬಂದು ಹೇಳಿದನೋ ಇಲ್ಲವೋ. ಪೋಸ್ಟಿನವನು ಅಕ್ಕನ ಕಾಗದವನ್ನು ನಾನು ಕೆಲಸ ಮಾಡುವ ಜಾಗಕ್ಕೇ ತಂದುಕೊಟ್ಟ. ಬಾಯಲ್ಲಿ ಮೊಳೆ ಇಟ್ಟುಕೊಂಡೇ ಓದಿದೆ. ಹೌದು, ಹಬ್ಬ ಮುಗಿದ ಮೇಲೆ ಮತ್ತೆ ಇಟ್ಟುಕೊಳ್ಳಲು ಶುರು ಮಾಡಿದ್ದೆ, ನಿನಗೆ ಹೇಳಿರಲಿಲ್ಲ. ಹುಳಿಗೆ ಹಲ್ಲು ಚಳಿತಿದೆ ಎಂದು ಓದಿದೆ. ನಗುತ್ತಿರಲಿಲ್ಲ ಎಂದು ಓದಿದೆ. ಮೊಳೆ ಉಗುಳಿ, ಎತ್ತಿನ ಕಾಲು ಬಿಚ್ಚಿ, ಎರಡೇ ನಾಲ ಹಾಕಿದ ಎತ್ತನ್ನು ಹಾಗೆಯೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಅಪ್ಪ ಕೂರುತ್ತಿದ್ದ ಕಟ್ಟೆ ಎಲ್ಲಿತ್ತೋ ಎಂದು ಹುಡುಕಿದೆ. ಗೊತ್ತಾಗಲಿಲ್ಲ. ವಿಜಾಪುರದಲ್ಲಿ ಇಳಿದು ಇಂಡಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಕ್ಕನ ಕಾಗದವನ್ನು ತೆಗೆದು ಆ ಗೀಟನ್ನು ನೋಡುತ್ತಿದ್ದೆ.

ನಾನು ಹೋಗುವ ಹೊತ್ತಿಗೆ ಅಕ್ಕನ ದವಡೆ ಪೂರ್ತಿ ಬಿಗಿದಿತ್ತು. ಲಾಲಬಿ ಅತ್ತೆ ಪಾಪ ದಾರ ಮಂತ್ರಿಸಿ ತಂದು ಕಟ್ಟಿ, ತಲೆಯ ಹತ್ತಿರ ಕೂತು ಅಳುತ್ತಿದ್ದರು. ಭಾವ ಆಗಷ್ಟೇ ಗಾಡಿ ಬಿಚ್ಚಿದ್ದರು. ಒಳಗೆ ಕಾಲಿಟ್ಟವನೇ, "ಅಕ್ಕಾ, 'ಆ' ಅನ್ನು" ಎಂದೆ. ಅವಳು ಹಲ್ಲು ಕಚ್ಚಿಕೊಂಡು ಏನೋ ಅಂದಳು. ಏನೆಂದು ತಿಳಿಯಲಿಲ್ಲ. ಹಣ್ಣಿನ ಲಾರಿ ಹಿಡಿದು, ಹುಲ್ಲು ಹಾಸಿ ಮಲಗಿಸಿ ಇಲ್ಲಿಯ ದೊಡ್ಡ ದವಾಖಾನೆಗೆ ತಂದೆವು. ಲಾರಿ ಕುಣಿದಾಗೆಲ್ಲ ಅವಳ ಬೆನ್ನು ಮೇಲೆ ಏಳುತ್ತಿತ್ತು. ನಾನೂ ಭಾವನೂ ಎರಡು ಕಡೆ ಹಿಡಿದುಕೊಂಡಿದ್ದೆವು.

ಡಾಕ್ಟರು ಎಲ್ಲಿ ಗಾಯ ಎಂದರು. ಸುಣ್ಣ ಬೆಲ್ಲದ ಗಟ್ಟಿ ಹಕ್ಕಳೆ ತೆಗೆದು ನೋಡಿದರೆ ಹಿಮ್ಮಡಿಯೊಳಗೆ ಮುಳ್ಳಿನ ತುದಿ ಹಾಗೆಯೇ ಇತ್ತು. ಕೊಯ್ದು ತೆಗೆದರು. ಮುಳ್ಳಿಗೂ ಇದು ಬರುತ್ತದೆಯೇ, ಇದು ಕಬ್ಬಿಣದ ನಂಜಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ಹೊರಗೆ ಕರೆದು, "ಕಬ್ಬಿಣದಾಗ ಏನೂ ಇಲ್ಲ ತಮ್ಮಾ. ನಂಜು ಇರೂದು ಮಣ್ಣಾಗ, ಸಗಣ್ಯಾಗ. ಮೊಳಿ ಇರ್ಲಿ, ಮುಳ್ಳ ಇರ್ಲಿ, ಅದನ್ನ ಆಳಕ್ಕ ಒಯ್ದು ಬಿಡ್ತೈತಿ. ಮ್ಯಾಲ ಮೆತ್ತಿ ಮುಚ್ಚಿದ್ರ ಒಳಗ ಬೆಳೀತೈತಿ" ಎಂದರು. ಅಕ್ಕ ನನಗೆ ಅಷ್ಟೆಲ್ಲ ಬರೆದಳು, ಸಾಬೂನು ಎಂದಳು, ಸೂಜಿ ಎಂದಳು. ತನ್ನ ಕಾಲಿಗೆ ಮಾತ್ರ ಲಿಂಬೆ ಹಿಂಡಿಕೊಂಡಳು. ಕಂಪೌಂಡರನ ಹತ್ತಿರ ಅವಳು ಕೇಳಿದ್ದೆಲ್ಲ ಮೊಳೆಯ ಸುದ್ದಿಯೇ, ನನ್ನ ಸುದ್ದಿಯೇ.

ಬದುಕುತ್ತಾಳೆಯೇ ಎಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಲಿಲ್ಲ. ಈ ವಾರ ದಾಟಲಿ ಎಂದರು.

ಅವಳನ್ನು ಕತ್ತಲೆಯ ಕೋಣೆಯಲ್ಲಿ ಇಟ್ಟಿದ್ದಾರೆ. ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ಬೆಳಕು ಬಿದ್ದರೂ ಸಪ್ಪಳ ಆದರೂ ಮೈ ಸೆಟೆಯುತ್ತದೆ. ಒಳಗೆ ಕೂರುವವರು ಮಾತಾಡಬಾರದು, ಕೆಮ್ಮಬಾರದು. ನಾನು ತುಟಿ ಒತ್ತಿ ಹಿಡಿದು ಕೂತಿರುತ್ತೇನೆ. ಮೊಳೆ ಹಿಡಿದು ರೂಢಿಯಾದ ಬಾಯಿ ಈಗ ಉಪಯೋಗಕ್ಕೆ ಬಂತು.

ಇನ್ನೊಂದು. ನನ್ನ ಹೆಬ್ಬೆರಳಿನ ಗಾಯದ ಗುರುತು ನೋಡಿ ನರ್ಸಬಾಯಿ ವಿಚಾರಿಸಿದಳು. ಹೇಳಿದೆ. ನನ್ನ ತೋಳಿಗೆ ಸೂಜಿ ಚುಚ್ಚಿದಳು, ಒಂದು ತಿಂಗಳ ಮೇಲೆ ಇನ್ನೊಂದು ಎಂದಳು. ಹತ್ತಿ ಒತ್ತಿ ಹಿಡಿದುಕೊಂಡು ಹೋಗು ಎಂದಳು. ಅಷ್ಟೇ. ಯಾರೂ ಹಿಡಿಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ಆ ಗೇಟಿನಿಂದ ನಾವು ಹಿಂದಕ್ಕೆ ಬಂದದ್ದು ಇದಕ್ಕೆ.

ನೀನೂ ದಾವಲಬಿಯೂ ಟೀಚರ ಜೊತೆ ಹೋಗಿ ಹಾಕಿಸಿಕೊಳ್ಳಿರಿ. ಅಕ್ಕನಿಗಾಗಿ ದುವಾ ಮಾಡು.

ಇಸಾಕ


ವಿಜಾಪುರ
೫-೧೧-೧೯೭೬

ಬಾನೂಗೆ ಸಲಾಮು.

ನಡುವೆ ಕಾಗದ ಬರೆಯಲಿಲ್ಲ. ಏನೆಂದು ಬರೆಯಲಿ? ಎರಡು ಸಲ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಎರಡು ಸಲವೂ ಭಾವ ಗೋಡೆಗೆ ಮುಖ ಮಾಡಿ ನಿಂತರು. ನಾನು ಕಾರ್ಡು ತಂದು ಇಟ್ಟುಕೊಂಡಿದ್ದೆ, ನಿನಗೆ ಕೆಟ್ಟ ಸುದ್ದಿ ಬರೆಯಲು. ವಿಳಾಸ ಮಾತ್ರ ಬರೆದು ಅಂಗಿಯ ಜೇಬಿನಲ್ಲಿ ಇಟ್ಟಿದ್ದೆ.

ನನ್ನ ಹಳೆಯ ಚರ್ಮದ ತುಂಡು ಮೂಲೆಯಲ್ಲಿದೆ. ಸೊಂಟಕ್ಕೆ ಕಟ್ಟುವಂಥ ಒಂದು ಚೀಲ ಹೊಲಿದು ಇಡು, ಬಾಯಿ ಅಗಲವಾಗಿರಲಿ. ಇನ್ನು ಮೊಳೆ ಅದರಲ್ಲಿ. ಹಳೆಯ ಚಪ್ಪಲಿಗೂ ಹೊಸ ಅಟ್ಟೆ ಹಚ್ಚಿಸು.

ಇವತ್ತು ಆದದ್ದನ್ನು ಹೇಳಲು ಈ ಕಾಗದ. ಬೆಳಿಗ್ಗೆ ನರ್ಸಬಾಯಿ ಮೊದಲ ಸಲ ಕಂಬಳಿಯ ಒಂದು ಮೂಲೆ ಸರಿಸಿದಳು. ಅಂಗೈಯಷ್ಟು ಬಿಸಿಲು ಒಳಗೆ ಬಂತು. ನಾನು ಎಂದಿನಂತೆ ಮಂಚದ ಹತ್ತಿರ ತುಟಿ ಒತ್ತಿ ಕೂತಿದ್ದೆ. ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಅವಳ ಕಣ್ಣಿನಲ್ಲಿ ಗಾಬರಿ ಹುಟ್ಟಿತು. ಮೈ ಮತ್ತೆ ಸೆಟೆಯುತ್ತದೆಯೋ ಏನೋ ಎಂದು ನನಗೂ ಗಾಬರಿ. ಅವಳು ನೋಡುತ್ತಿದ್ದದ್ದು ನನ್ನ ಬಾಯಿಯನ್ನು.

ಅವಳ ತುಟಿ ಅಲುಗಿತು. ಹಲ್ಲುಗಳ ನಡುವೆ ಒಂದಿಷ್ಟು ಸಂದು ಬಿಟ್ಟಿತು. ಕಿವಿ ಹತ್ತಿರ ಒಯ್ದೆ.

"ಇಸಾಕಾ, ಮೊಳಿ ಉಗುಳಿ ಮಾತಾಡೊ" ಎಂದಳು.

ನಾನು ಎರಡೂ ಕೈ ಬಿಚ್ಚಿ ತೋರಿಸಿದೆ. ಆಮೇಲೆ ಗಂಟಲಿನ ತನಕ ಕಾಣುವಂತೆ ಬಾಯಿ ತೆರೆದು ಆ ಅಂದೆ. ಮೆಲ್ಲಗೆ ಅನ್ನಬೇಕೆಂದಿದ್ದೆ, ದೊಡ್ಡದಾಗಿ ಬಂತು. ಅಕ್ಕ ಬೆಚ್ಚಲಿಲ್ಲ. ಅವಳೂ ಬಾಯಿ ತೆರೆಯಲು ನೋಡಿದಳು, ಒಂದು ಬೆರಳಿನಷ್ಟು ತೆರೆಯಿತು, ಅವಳ "ಆ" ನನಗೆ ಕೇಳಿಸಿತು.

ನರ್ಸಬಾಯಿ ಓಡಿ ಬಂದು ಕೂಗಿದ್ದಕ್ಕೆ ನನ್ನನ್ನು ಬೈದಳು. ಆಮೇಲೆ ಅಕ್ಕನ ಬಾಯಿ ನೋಡಿ ಡಾಕ್ಟರನ್ನು ಕರೆಯಲು ಹೋದಳು. ನಿನಗೆಂದು ಇಟ್ಟುಕೊಂಡಿದ್ದ ಆ ಕಾರ್ಡಿನಲ್ಲೇ ಇದನ್ನು ಬರೆಯಲು ಹೊರಟೆ, ಜಾಗ ಸಾಲದೆ ಈ ಕಾಗದ ತಂದೆ.

ನಿನ್ನ
ಇಸಾಕ